ರೋಲಂಡನ ನೊರೆವೈನೂ ಎರಡನೇ ಗ್ಲಾಸೂ

“ಈ ಶನಿವಾರ ಒಂದು ಕಳೀಲಿ ಡಾಫ್ನಿ! ಆಮೇಲೆ ನೋಡ್ತಿರು, ಫ್ರಾನ್ಸಿನವರು ಪಾಠ ಹೇಳಿಸ್ಕೊಳ್ಳೋಕೆ ನಮ್ಮ ಮನೆ ಬಾಗಿಲಲ್ಲಿ ಸಾಲುಗಟ್ಟಿ ನಿಲ್ತಾರೆ!”

ರೋಲಂಡ್ ಪೆಲಿಂಗ್ ಈ ರಾಜಾಜ್ಞೆಯನ್ನು ಹೊರಡಿಸಿದ್ದು ಅಡುಗೆಮನೆಯಲ್ಲಿ, ಒಂದು ಕಾಲಿಗೆ ಕಪ್ಪು, ಇನ್ನೊಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು, ಕೈಯಲ್ಲಿ ಅರ್ಧ ಕಚ್ಚಿದ ಟೋಸ್ಟ್ ಹಿಡಿದುಕೊಂಡು. ಮೂವತ್ತೊಂದು ವರ್ಷ ಸಸೆಕ್ಸಿನ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿ ನಿವೃತ್ತನಾದ ಮನುಷ್ಯ ಆತ. ಪಕ್ಕದ ಸೀಟಿನಲ್ಲಿ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳಿದ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಈಗಲೂ ಹೆಂಡತಿ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ನಿಂತು, ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತಾನೆ.

“ಫ್ರಾನ್ಸಿನವರು ಬರೋದು ಹಾಗಿರಲಿ, ನಮ್ಮೂರಿನವರು ಬಂದು, ಕುಡಿದು, ತಮ್ಮ ಕಾಲ ಮೇಲೆ ತಾವು ವಾಪಸ್ ಹೋದ್ರೆ ಸಾಕು,” ಎಂದಳು ಡಾಫ್ನಿ, ಚಾಕು ನಿಲ್ಲಿಸದೆ.

“ನಿನಗೆ ಗೊತ್ತಿಲ್ಲ. ನಮ್ಮ ಹೊಲದ ಕೆಳಗಿರೋ ಸೀಮೆಸುಣ್ಣದ ಕಲ್ಲು ಸಮುದ್ರದಡಿ ಹಾದು ಫ್ರಾನ್ಸಲ್ಲಿ ಏಳುತ್ತೆ. ಅಂದ್ರೆ ಏನಾಯ್ತು? ಅವರ ಶಾಂಪೇನ್ ಅನ್ನೋದು ನಮ್ಮ ಹೊಲದ ಬಾಲ!”

“ಬಾಲ ಅಷ್ಟು ಚೆನ್ನಾಗಿದೆ. ತಲೆಗೇನಾಗಿದೆ ಅಂತ?”

ಡಾಫ್ನಿ ಹೀಗೆ ಕುಟುಕುವುದಕ್ಕೆ ಕಾರಣವಿತ್ತು. ಮನೆಯ ಹಿಂದಿನ ಆ ಇಳಿಜಾರು ಹೊಲ ಅವಳ ಅಪ್ಪ ಅವಳ ಹೆಸರಿಗೆ ಬಿಟ್ಟುಹೋದದ್ದು. ಅಲ್ಲಿ ಅವಳು ಈರುಳ್ಳಿ ಬೆಳೆಯುತ್ತಿದ್ದಳು. ಎಂಥ ಈರುಳ್ಳಿ! ಊರಿನ ತರಕಾರಿ ಪ್ರದರ್ಶನದಲ್ಲಿ ಒಂಬತ್ತು ವರ್ಷ ಸತತವಾಗಿ ಮೊದಲ ಬಹುಮಾನ; ವಿನೆಗರಿನಲ್ಲಿ ಹಾಕಿದ ಅವಳ ಈರುಳ್ಳಿ ಉಪ್ಪಿನಕಾಯಿಗೆ ಅಕ್ಕಪಕ್ಕದ ಮೂರು ಹಳ್ಳಿಯ ಜನ ಹೆಸರು ಬರೆಸಿ ಕಾಯುತ್ತಿದ್ದರು. ರೋಲಂಡ್ ನಿವೃತ್ತನಾದ ವಾರವೇ “ಎರಡೇ ಎರಡು ವರ್ಷ ಕೊಡು” ಎಂದು ಗೋಗರೆದು ಅಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟ. ಎರಡು ವರ್ಷ ಏಳಾಯಿತು. ಒಂದು ವರ್ಷ ಮೇ ತಿಂಗಳ ಹಿಮ ಮೊಗ್ಗನ್ನೆಲ್ಲ ಸುಟ್ಟಿತು. ಮರುವರ್ಷ ಸಾಲುಸಾಲಿಗೆ ಮೇಣದಬತ್ತಿ ಹಚ್ಚಿಟ್ಟು ಮೊಗ್ಗು ಉಳಿಸಿಕೊಂಡ. ಹಣ್ಣನ್ನು ಹಕ್ಕಿ ತಿಂದವು. ಅದರ ಮುಂದಿನ ವರ್ಷ ಬಲೆ ಕಟ್ಟಿ ಹಕ್ಕಿಯನ್ನು ಓಡಿಸಿದ. ಬಲೆಯಡಿ ತೂರಿ ಬಂದ ಬ್ಯಾಜರ್ ಎಂಬ ಬಿಲಗರಡಿಗಳು ಸಂಸಾರ ಸಮೇತ ಕೂತು ಪಂಕ್ತಿಭೋಜನ ಮಾಡಿ ಹೋದವು. ಅಂತೂ ನಾಲ್ಕನೆಯ ವರ್ಷ ಬುಟ್ಟಿ ತುಂಬಿ, ಬಾಟಲಿಗಳಲ್ಲಿ ಕೂತು, ಮೂರು ವರ್ಷ ಕತ್ತಲೆಯಲ್ಲಿ ತಪಸ್ಸು ಮಾಡಿ, ಈಗ ಇಪ್ಪತ್ತನಾಲ್ಕು ಬಾಟಲಿ ನೊರೆವೈನಾಗಿ ಸಿದ್ಧವಾಗಿತ್ತು.

ಅದನ್ನು ಸವಿಯಲು, ಜೊತೆಗೆ ಯಾವ ತಿನಿಸು ಒಪ್ಪುತ್ತದೆ ಎಂದು ತೀರ್ಪು ಕೊಡಲು, ಊರಿನ ಹನ್ನೆರಡು ಜನ ಗಣ್ಯರಿಗೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಆಹ್ವಾನ ಹೋಗಿತ್ತು.

“ನೋಡು ರೋಲಿ,” ಎಂದಳು ಡಾಫ್ನಿ ಚಾಕು ಕೆಳಗಿಟ್ಟು. “ಏಳು ವರ್ಷ ಬಾಯಿ ಮುಚ್ಕೊಂಡಿದೀನಿ. ಈಗ ಒಂದು ಮಾತು ಆಗ್ಲಿ. ನಮ್ಮೋರು ಮೊದಲನೇ ಗ್ಲಾಸಲ್ಲಿ ವಿಷ ಕೊಟ್ರೂ ಕುಡೀತಾರೆ, ಮರ್ಯಾದಸ್ಥರು. ಎರಡನೇ ಗ್ಲಾಸಲ್ಲಿ ನಿಜ ಗೊತ್ತಾಗೋದು. ಶನಿವಾರ ಒಬ್ರು, ಒಬ್ರೇ ಒಬ್ರು, ನೀನು ಕೇಳದೆ ತಾವಾಗಿ ಎರಡನೇ ಗ್ಲಾಸ್ ಕೇಳಿದ್ರೆ ಬಳ್ಳಿ ಇರಲಿ. ಇಲ್ಲ ಅಂದ್ರೆ ಸುಗ್ಗಿ ಕಾಯೋದಿಲ್ಲ, ಭಾನುವಾರ ಬೆಳಿಗ್ಗೆ ನಾನೇ ಗುದ್ದಲಿ ಹಿಡೀತೀನಿ.”

“ಒಬ್ರಾ? ಹನ್ನೆರಡೂ ಜನ ಕೇಳ್ತಾರೆ! ಬಾಟ್ಲಿಗೋಸ್ಕರ ಹೊಡೆದಾಡ್ತಾರೆ!”

ಹೀಗೆ ಎದೆ ಉಬ್ಬಿಸಿ ಹೇಳಿದನಾದರೂ ಆ ಎದೆಯೊಳಗೆ ಢವಢವ ಶುರುವಾಯಿತು. ತಮಾಷೆ ಒತ್ತಟ್ಟಿಗಿರಲಿ, ಆ ಬಳ್ಳಿಗಳೆಂದರೆ ರೋಲಂಡನಿಗೆ ಪ್ರಾಣ. ಕೆಲಸ ಬಿಟ್ಟ ಮೊದಲ ತಿಂಗಳಲ್ಲಿ ಅವನು ಗ್ಯಾರೇಜಿನಲ್ಲಿ ನಿಂತ ಕಾರಿನ ಪಕ್ಕದ ಸೀಟಿನಲ್ಲಿ ಒಬ್ಬನೇ ಕೂತಿರುತ್ತಿದ್ದದ್ದನ್ನು ಡಾಫ್ನಿ ಎರಡು ಸಲ ಕಂಡಿದ್ದಳು. ಕಂಡರೂ ಕಾಣದವಳಂತೆ ಹೋಗಿದ್ದಳು. ಬಳ್ಳಿ ಬಂದ ಮೇಲೆ ಅವನಿಗೆ ಮತ್ತೆ ಮಾತಾಡಲು ಜನ ಸಿಕ್ಕಂತಾಗಿತ್ತು. “ಎಡಕ್ಕೆ ಹೋಗಮ್ಮ, ಎಡಕ್ಕೆ, ಅವಸರ ಬೇಡ,” ಎಂದು ತಂತಿಗೆ ಹಬ್ಬಿಸುತ್ತ ಬೆಳಿಗ್ಗೆಯೆಲ್ಲ ಅಲ್ಲೇ ಇರುತ್ತಿದ್ದ. ಅವು ಹೋದರೆ ಅವನು ಮತ್ತೆ ಗ್ಯಾರೇಜಿನ ಪಾಲು.

ಶುಕ್ರವಾರ ಬೆಳಿಗ್ಗೆ ಕೊನೆಯ ಕೆಲಸ ಬಾಕಿಯಿತ್ತು. ನೊರೆವೈನಿನ ಕೊನೆಯ ಕೆಲಸವೆಂದರೆ ಹುಡುಗಾಟವಲ್ಲ. ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ, ವಾರಗಟ್ಟಲೆ ದಿನಕ್ಕಿಷ್ಟು ತಿರುಗಿಸುತ್ತ ಬಂದರೆ ಒಳಗಿನ ಗಷಿ, ಅಂದರೆ ಹುದುಗಿನ ಮಡ್ಡಿಯೆಲ್ಲ, ಬಾಟಲಿಯ ಕತ್ತಿಗೆ ಬಂದು ಕೂರುತ್ತದೆ. ಮುಚ್ಚಳ ಕಿತ್ತ ಕ್ಷಣ ಒಳಗಿನ ಒತ್ತಡವೇ ಆ ಗಷಿಯನ್ನು ‘ಥೂ’ ಎಂದು ಹೊರಗೆ ಉಗಿಯುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಹೆಬ್ಬೆಟ್ಟು ಒತ್ತಿ, ಖಾಲಿಯಾದ ಜಾಗಕ್ಕೆ ಒಂದು ಚಮಚ ಸಕ್ಕರೆ ಪಾಕ ಸೇರಿಸಿ ಬಿರಡೆ ಜಡಿಯಬೇಕು. ಪಳಗಿದವರು ಒಂದು ಚಮಚ ವೈನೂ ಹಾಳು ಮಾಡುವುದಿಲ್ಲ.

ನಮ್ಮ ರೋಲಂಡ್ ಪಳಗಿರಲಿಲ್ಲ. ಹಳೆಯ ಮೋಟಾರ್ ಸೈಕಲ್ಲಿನ ಶಿರಸ್ತ್ರಾಣ, ಈಜುಗನ್ನಡಕ, ಡಾಫ್ನಿಯ ಮೊಣಕೈವರೆಗಿನ ರಬ್ಬರ್ ಕೈಗವಸು ತೊಟ್ಟು ಗ್ಯಾರೇಜಿಗೆ ನುಗ್ಗಿದ. ಮೊದಲ ಬಾಟಲಿಯ ಗಷಿ ಸೂರಿಗೆ ಹೊಡೆಯಿತು. ಎರಡನೆಯದು ಕಿಟಕಿಗೆ. ಮೂರನೆಯದಕ್ಕೆ ‘ಬ್ರೇಕ್! ಬ್ರೇಕ್!’ ಎಂದು ಕೂಗುತ್ತ ಬಲಗಾಲನ್ನು ನೆಲಕ್ಕೆ ಒತ್ತಿದರೂ ಅದು ನಿಲ್ಲದೆ ಕಾಲು ಪಾಲು ವೈನನ್ನು ಅವನ ಅಂಗಿಯೊಳಕ್ಕೇ ಸುರಿಯಿತು. ಚಮಚ ಪಾಕ ಸಾಕಾಗಬೇಕಾದ ಕಡೆ ಒಂದೊಂದು ಬಾಟಲಿಗೂ ಒಂದೊಂದು ಲೋಟ ಬೇಕಾಯಿತು. ಪುಣ್ಯಕ್ಕೆ ಅವನು ಹಿಂದಿನ ದಿನವೇ ದೊಡ್ಡ ಗಾಜಿನ ಭರಣಿಯ ತುಂಬ ಪಾಕ ಕಾಸಿ, ಸೋಸಿ, ಉಗ್ರಾಣದಲ್ಲಿ ಇಟ್ಟಿದ್ದ. ಹೋಗಿ ಎತ್ತಿಕೊಂಡು ಬಂದ. ತಿಳಿನೀರಿನಂತೆ ಹೊಳೆಯುತ್ತಿತ್ತು!

ಆದರೆ ಅದೇ ಉಗ್ರಾಣದ ಅದೇ ಹಲಗೆಯ ಮೇಲೆ ಅಂಥದೇ ಇನ್ನೊಂದು ಭರಣಿ, ಅಷ್ಟೇ ತಿಳಿಯಾದ ಇನ್ನೊಂದು ದ್ರವ ಇತ್ತು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಅದಕ್ಕೆ ಚೀಟಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ತನ್ನ ಬಾಟಲಿಗಳಿಗೆ ಚಿನ್ನದ ಅಂಚಿನ ಚೀಟಿ ಅಂಟಿಸುವ ಹುರುಪಿನಲ್ಲಿ ಬುಧವಾರ ರೋಲಂಡ್ ಉಗ್ರಾಣಕ್ಕೂ ನುಗ್ಗಿ, “ಎಲ್ಲ ಒಂದೇ ಥರ ನೀಟಾಗಿ ಇರಬೇಕು,” ಎಂದು ಮನೆಯ ಭರಣಿಗಳ ಹಳೇ ಚೀಟಿಗಳನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಕಿತ್ತು ಹಾಕಿದ್ದ. ಹೊಸ ಚೀಟಿ ಅಂಟಿಸುವುದು ಸೋಮವಾರದ ಕೆಲಸ ಎಂದು ಬರೆದಿಟ್ಟುಕೊಂಡಿದ್ದ.

ಮೂಗಾದರೂ ಹೇಳಬೇಡವೇ? ಅದರ ಕಥೆ ಇನ್ನೂ ಒಂದು ಕೈ ಮೇಲು. “ನನ್ನ ಮೂಗು ಸಾವಿರದಲ್ಲಿ ಒಂದು,” ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ ಆ ಮೂಗು, ಜೂನ್ ತಿಂಗಳ ಹುಲ್ಲಿನ ಪರಾಗ ಏರಿ, ಸೋಮವಾರದಿಂದಲೇ ಬಾಗಿಲು ಹಾಕಿಕೊಂಡಿತ್ತು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಇದನ್ನು ಯಾರಿಗಾದರೂ ಹೇಳಿದರೆ ಮಾನ ಹೋಗುವುದಿಲ್ಲವೇ? ಗುಟ್ಟಾಗಿ ಆವಿ ಹಿಡಿಯುತ್ತ, ಕರವಸ್ತ್ರಗಳನ್ನು ತೋಳಿನೊಳಗೆ ಅಡಗಿಸುತ್ತ ದಿನ ದೂಡಿದ.

ಶನಿವಾರ ಬಂತು. ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆ ಹಾಸಿದ ಉದ್ದ ಮೇಜು. ಬಕೆಟ್ಟಿನಲ್ಲಿ ಮಂಜುಗಡ್ಡೆ. ಪ್ರತಿಯೊಬ್ಬರ ಕೈಗೂ ರೋಲಂಡ್ ಸ್ವತಃ ಟೈಪು ಮಾಡಿದ ಒಂದು ತೀರ್ಪಿನ ಹಾಳೆ. ಹಳೇ ಚಾಳಿ ಎಲ್ಲಿ ಹೋಗುತ್ತದೆ? ಅದನ್ನು ಥೇಟ್ ಡ್ರೈವಿಂಗ್ ಪರೀಕ್ಷೆಯ ಹಾಳೆಯಂತೆಯೇ ಮಾಡಿದ್ದ: ‘ಸಣ್ಣ ತಪ್ಪು’, ‘ದೊಡ್ಡ ತಪ್ಪು’, ‘ಅಪಾಯಕಾರಿ ತಪ್ಪು’.

ಬಂದವರಲ್ಲಿ ಮುಖ್ಯರಾದವರು ಮೂವರು. ಒಬ್ಬರು ಊರಿನ ಪಬ್ಬು ‘ಕುಂಟ ಬಾತುಕೋಳಿ’ಯ ಮಾಲೀಕ ಗಾಡ್‌ಫ್ರೀ ಫನ್ನೆಲ್, ಊರಿನಲ್ಲಿ ಯಾರು ಏನು ಕುಡಿಯಬೇಕೆಂದು ತೀರ್ಮಾನಿಸುವ ದಪ್ಪ ಮೀಸೆಯ ಆಸಾಮಿ. ಇನ್ನೊಬ್ಬರು ಪಾದ್ರಿ ಟಪ್ಪನ್. ಬೇಲಿಯ ಆಚೆಗೇ ಮನೆ, ಬೇಲಿಯ ಸಂದಿಯಿಂದಲೇ ತೂರಿ ಬಂದಿದ್ದರು. ಮೂರನೆಯವರು ಎಂಬತ್ತೊಂದರ ವಿನಿಫ್ರೆಡ್ ಬಾಟಿಂಗ್. ಕೈಯಲ್ಲಿ ಕೋಲು, ತಲೆಯ ಮೇಲೆ ಹಕ್ಕಿಗೂಡಿನಷ್ಟು ದೊಡ್ಡ ಟೋಪಿ.

ರೋಲಂಡ್ ಗಂಟಲು ಸರಿಮಾಡಿಕೊಂಡ.

“ಮಾನ್ಯರೇ! ಮೊದಲು ಕನ್ನಡಿ ನೋಡಿ... ಅಂದ್ರೆ, ಗ್ಲಾಸ್ ನೋಡಿ. ಗುಳ್ಳೆ ಹೇಗೆ ಸಾಲಾಗಿ, ಶಿಸ್ತಾಗಿ, ಒಂದರ ಹಿಂದೆ ಒಂದು, ಓವರ್‌ಟೇಕ್ ಮಾಡದೆ ಮೇಲೆ ಹೋಗ್ತಿದೆ ನೋಡಿ! ಈಗ ಮೂಗಿನ ಹತ್ರ ತನ್ನಿ. ಏನು ಬರ್ತಿದೆ? ಹಸಿರು ಸೇಬು! ಆಗಷ್ಟೇ ಸುಟ್ಟ ಬೆಣ್ಣೆ ಬನ್ನು! ಬೇಲಿಯ ಮೇಲಿನ ಬಿಳಿ ಹೂವು!”

ಹನ್ನೆರಡು ಮೂಗುಗಳು ಗ್ಲಾಸಿನೊಳಕ್ಕೆ ಇಳಿದವು. ಹನ್ನೆರಡೂ ಮೂಗುಗಳು ಇಳಿದಷ್ಟೇ ವೇಗವಾಗಿ ಮೇಲೆ ಬಂದವು. ಪಾದ್ರಿಗಳ ಕಣ್ಣಲ್ಲಿ ನೀರಾಡಿತು.

“ಏನೋ ಭಾವ ತುಂಬಿ ಬಂತು ಅನ್ಸುತ್ತೆ ಪಾದ್ರಿಗಳೇ?”

“ಹೌದು ಪೆಲಿಂಗ್,” ಎಂದರು ಪಾದ್ರಿ ಟಪ್ಪನ್ ಕೆಮ್ಮುತ್ತ. “ತುಂಬಾ... ನೇರವಾಗಿ ಬಂತು.”

“ಈಗ ಒಂದು ಗುಟುಕು. ನಾಲಿಗೆ ಮೇಲೆ ಆಡಿಸಿ. ತಕ್ಷಣ ನುಂಗಬೇಡಿ!”

ಪಾಪ, ಅವರು ನುಂಗಲಿಲ್ಲ. ನುಂಗಲು ಅವರಿಂದ ಆಗಲೂ ಇಲ್ಲ. ಮಿಸೆಸ್ ಬಾಟಿಂಗ್ ಅವರ ಟೋಪಿ ತಾನಾಗಿ ಎರಡು ಅಂಗುಲ ಮುಂದೆ ಜಾರಿತು. ಫನ್ನೆಲ್ಲನ ಮೀಸೆಯ ಎರಡು ತುದಿಗಳೂ ಒಂದನ್ನೊಂದು ಮುಟ್ಟುವಷ್ಟು ಮುಖ ಕಿವುಚಿಕೊಂಡಿತು. ಆದರೆ ಒಬ್ಬರಾದರೂ ತುಟಿಪಿಟಕ್ ಎನ್ನಬೇಕಲ್ಲ! ಇಲ್ಲಿಯ ಜನ ಮನೆಗೆ ಬೆಂಕಿ ಬಿದ್ದರೂ ಮೊದಲು ಹವಾಮಾನದ ಬಗ್ಗೆ ಎರಡು ಮಾತಾಡಿ ಆಮೇಲೆ ನೀರು ಕೇಳುವವರು.

“ಕುತೂಹಲಕರವಾಗಿದೆ,” ಎಂದರು ಕೊನೆಗೆ ಮಿಸೆಸ್ ಬಾಟಿಂಗ್.

“ಬಹಳ ಕುತೂಹಲಕರ,” ಎಂದರು ಪಾದ್ರಿ.

“ಹೀಗೂ ಒಂದು ವೈನ್ ಇರಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ,” ಎಂದ ಫನ್ನೆಲ್.

ಈ ಊರಿನಲ್ಲಿ ಯಾರಾದರೂ ನಿಮ್ಮ ಅಡುಗೆಯನ್ನು ‘ಕುತೂಹಲಕರ’ ಎಂದರೆ, ಸಾರಿನಲ್ಲಿ ಇಲಿ ಸಿಕ್ಕಿದೆ ಎಂದು ತಿಳಿಯಬೇಕು. ಅಲ್ಲೇ ಹುಟ್ಟಿ ಬೆಳೆದ ರೋಲಂಡನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ತಾನೂ ಒಂದು ಗುಟುಕು ಕುಡಿದ. ಬಾಗಿಲು ಹಾಕಿದ ಮೂಗಿಗೆ ಗುಳ್ಳೆ ಚುರುಗುಟ್ಟಿದ್ದು ಬಿಟ್ಟರೆ ಮತ್ತೇನೂ ತಿಳಿಯಲಿಲ್ಲ. “ಆಹಾ!” ಎಂದ, ಕಣ್ಣು ಮುಚ್ಚಿ.

ಮೊದಲ ಗ್ಲಾಸು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅದರಲ್ಲೂ ಗುಲಾಬಿ ಪಾತಿಗೆ ಸೇರಿದ್ದೆಷ್ಟು, ಹೊಟ್ಟೆಗೆ ಸೇರಿದ್ದೆಷ್ಟು ಎಂಬುದು ಗುಲಾಬಿಗೇ ಗೊತ್ತು. ಆಮೇಲೆ ರೋಲಂಡ್ ಬಾಟಲಿ ಹಿಡಿದು, ಯಾರನ್ನೂ ಕೇಳದೆ, ಆದರೆ ಎಲ್ಲರಿಗೂ ಕಾಣುವಂತೆ, ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಡಾಫ್ನಿ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

“ನನಗೆ ಸಾಕಪ್ಪ,” ಎಂದ ಫನ್ನೆಲ್, ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ. “ಕಾರು ಓಡಿಸ್ಬೇಕು.”

ಫನ್ನೆಲ್ಲನ ಪಬ್ಬು ಅಲ್ಲಿಂದ ಮೂವತ್ತು ಹೆಜ್ಜೆ.

“ನಾನೂ ಕಾರು ಓಡಿಸ್ಬೇಕು,” ಎಂದರು ಪಾದ್ರಿ, ಬೇಲಿಯ ಸಂದಿಯ ಕಡೆ ಕಣ್ಣು ಹಾಯಿಸದೆ.

“ನಾನೂ ಅಷ್ಟೇ, ಕಾರು,” ಎಂದರು ಮಿಸೆಸ್ ಬಾಟಿಂಗ್ ಗಂಭೀರವಾಗಿ.

ಇದನ್ನು ಕೇಳಿ ರೋಲಂಡ್ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟುಬಿಟ್ಟ. ಮಿಸೆಸ್ ಬಾಟಿಂಗ್ ಅವರನ್ನು ಐದು ಸಲ ಪರೀಕ್ಷೆಗೆ ಸಿದ್ಧಪಡಿಸಿದವನು ಅವನೇ. ಐದು ಸಲವೂ ನಪಾಸಾಗಿ, ಕೊನೆಯ ಸಲ ಅಂಚೆ ಡಬ್ಬಿಯನ್ನೇ ಕೆಡವಿ, “ಇನ್ನು ನನ್ನ ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟೋದಿಲ್ಲ,” ಎಂದು ಅವನ ಭುಜದ ಮೇಲೆ ಅತ್ತಿದ್ದರು. ಅಂಥವರು ತನ್ನ ವೈನಿನಿಂದ ಪಾರಾಗಲು ಇಲ್ಲದ ಕಾರನ್ನು ಏರುತ್ತಿದ್ದಾರೆ! ಹನ್ನೆರಡು ಜನರಲ್ಲಿ ಹನ್ನೆರಡೂ ಜನ ಕಾರು ಓಡಿಸುವವರೇ. ಬೀದಿಯಲ್ಲಿ ನಿಂತಿದ್ದದ್ದು ಒಂದೇ ಒಂದು ಸೈಕಲ್ಲು.

ಅವನು ಹೊಲದ ಕಡೆ ತಿರುಗಿದ. ಬೆಟ್ಟದ ಇಳಿಜಾರಿನಲ್ಲಿ ಎಳೆಯ ಎಲೆಗಳು ಬಿಸಿಲಿಗೆ ಮಿನುಗುತ್ತಿದ್ದವು. ನಾಳೆ ಬೆಳಿಗ್ಗೆ ಅವಕ್ಕೆ ಏನೆಂದು ಹೇಳಲಿ?

ಅಷ್ಟರಲ್ಲಿ ಡಾಫ್ನಿ ಕೊನೆಯ ಜೋಡಿ ತಿನಿಸನ್ನು ಹೊತ್ತು ತಂದಳು. ನೊರೆವೈನಿಗೆ ಚೀಸ್, ಸಿಗಡಿ, ಸೌತೆಕಾಯಿ ಸ್ಯಾಂಡ್‌ವಿಚ್ ಎಲ್ಲ ಇಟ್ಟಾಗಿತ್ತು. ಆದರೆ ರೋಲಂಡನ ಪ್ರಕಾರ ಅದಕ್ಕೆ ಸರಿಸಾಟಿಯಾದ ಜೊತೆಯೆಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿಬಿಸಿ ಮೀನು, ಬೆರಳು ದಪ್ಪದ ಆಲೂಗೆಡ್ಡೆ ಚಿಪ್ಸು. ಎಲ್ಲರಿಗೂ ಒಂದೊಂದು ಕಾಗದದ ಪೊಟ್ಟಣ. ಚಿಪ್ಸಿನ ಮೇಲೆ ಉಪ್ಪೂ ವಿನೆಗರೂ ಬೀಳದಿದ್ದರೆ ಅದು ಊಟವೇ ಅಲ್ಲ, ಮಜ್ಜಿಗೆಯಿಲ್ಲದೆ ಎಲೆಯಿಂದ ಎದ್ದಂತೆ. ಆದ್ದರಿಂದ ಡಾಫ್ನಿ ಒಳಗೇ ಧಾರಾಳವಾಗಿ ಎರಡನ್ನೂ ಹಾಕಿ ಕುಲುಕಿ ತಂದಿದ್ದಳು. ಪೊಟ್ಟಣ ಕಂಡದ್ದೇ ಜನರ ಮುಖಕ್ಕೆ ಜೀವ ಬಂತು. ಫನ್ನೆಲ್ ಎರಡು ಚಿಪ್ಸನ್ನು ಒಟ್ಟಿಗೇ ಬಾಯಿಗೆ ಹಾಕಿದ.

ಬಾಯಿ ಅರ್ಧಕ್ಕೇ ನಿಂತಿತು.

“ಹೇಗಿದೆ?” ಎಂದಳು ಡಾಫ್ನಿ. ಅಡುಗೆ ವಿಷಯದಲ್ಲಿ ಅವಳಿಗೆ ಅಳುಕು ಎಂಬುದೇ ಇಲ್ಲ.

ಫನ್ನೆಲ್ ಮಿಸೆಸ್ ಬಾಟಿಂಗ್ ಅವರನ್ನು ನೋಡಿದ. ಮಿಸೆಸ್ ಬಾಟಿಂಗ್ ಪಾದ್ರಿಗಳನ್ನು ನೋಡಿದರು. ಪಾದ್ರಿಗಳು ಆಕಾಶ ನೋಡಿದರು.

“ಕುತೂಹಲಕರವಾಗಿದೆ,” ಎಂದರು.

ಡಾಫ್ನಿಯ ಮುಖ ಕಪ್ಪಿಟ್ಟಿತು! ನಲವತ್ತು ವರ್ಷದ ಅಡುಗೆಯಲ್ಲಿ ಆ ಮಾತನ್ನು ಅವಳು ಕೇಳಿಸಿಕೊಂಡದ್ದು ಇದೇ ಮೊದಲು. ಗಿರ್ರನೆ ತಿರುಗಿ ಒಳಗೆ ಹೋದಳು. ಎರಡು ನಿಮಿಷಕ್ಕೆ ಒಳಗಿನಿಂದ ಕೂಗು ಬಂತು, ಪಿಸುದನಿಯ ಕೂಗು. ಗಂಡಂದಿರ ಕಿವಿಗೆ ಮಾತ್ರ ಕೇಳಿಸುವಂಥದ್ದು.

“ರೋಲೀ! ಬಾ ಇಲ್ಲಿ!”

ಉಗ್ರಾಣದಲ್ಲಿ ಡಾಫ್ನಿ ಒಂದು ಭರಣಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅದರೊಳಗಿನ ತಿಳಿ ದ್ರವ ಬಾಯಿಯಿಂದ ನಾಲ್ಕು ಬೆರಳಷ್ಟು ಇಳಿದಿತ್ತು.

“ಇದು ನನ್ನ ವಿನೆಗರ್ ಅಲ್ಲ. ಬೆರಳು ಅಂಟ್ತಿದೆ. ನೆಕ್ಕು ನೋಡೋಣ.”

“ನೆಕ್ಕಿ ಪ್ರಯೋಜನ ಇಲ್ಲ ಡಾಫ್ನಿ.”

“ಯಾಕೆ?”

ರೋಲಂಡ್ ನೆಲ ನೋಡಿದ. “ನನಗೆ... ಸೋಮವಾರದಿಂದ ಮೂಗು ಕಟ್ಟಿದೆ. ರುಚಿ ಗೊತ್ತಾಗ್ತಿಲ್ಲ.”

“ಸೋಮವಾರದಿಂದಾ! ಹಾಗಾದ್ರೆ ಆ ಹಸಿರು ಸೇಬು, ಬೆಣ್ಣೆ ಬನ್ನು ಎಲ್ಲಿಂದ ಬಂತು?”

“ಪುಸ್ತಕದಿಂದ.”

ಡಾಫ್ನಿ ಬೆರಳನ್ನು ತಾನೇ ಬಾಯಿಗಿಟ್ಟಳು. “ಸಕ್ಕರೆ ಪಾಕ! ರೋಲಿ, ಇದು ನಿನ್ನ ಪಾಕ! ಇದನ್ನೇ ನಾನು ಚಿಪ್ಸ್ ಮೇಲೆ ಸುರಿದಿದೀನಿ! ಹೆಬ್ಬಾತಿನ ಹಾಗೆ ಕತ್ತೆತ್ತಿ ‘ಹೇಗಿದೆ’ ಅಂತ ಬೇರೆ ಕೇಳಿದೆ! ಎಣ್ಣೆ ಹೊಗೆಯಲ್ಲಿ ನನಗೆ ವಾಸನೆ ಗೊತ್ತಾಗ್ಲಿಲ್ಲ... ಅಲ್ಲ, ಚೀಟಿ ಎಲ್ಲಿ? ವಿನೆಗರಿಗೆ ನಾನು ಬರೆದ ಚೀಟಿ ಎಲ್ಲಿ?”

“ನೀಟಾಗಿ ಇರ್ಲಿ ಅಂತ...”

“ಅಯ್ಯೋ ನಿನ್ನ ನೀಟಿಗೆ ಬೆಂಕಿ ಹಾಕ! ಹಾಗಾದ್ರೆ ನನ್ನ ವಿನೆಗರ್ ಭರಣಿ ಏನಾಯ್ತು?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಭರಣಿ ಖಾಲಿಯಾಗಿ ಗ್ಯಾರೇಜಿನಲ್ಲಿ ಮಲಗಿತ್ತು. ಅದರಲ್ಲಿದ್ದದ್ದು, ಲೋಟಕ್ಕೆ ಲೋಟದಂತೆ, ಚಿನ್ನದ ಅಂಚಿನ ಇಪ್ಪತ್ತನಾಲ್ಕು ಬಾಟಲಿಗಳಲ್ಲಿ ಕೂತು ಗುಳ್ಳೆ ಬಿಡುತ್ತಿತ್ತು. ಭರಣಿಗಟ್ಟಲೆ ಈರುಳ್ಳಿಯನ್ನು ಆರು ತಿಂಗಳು ಕೆಡದಂತೆ ಕಾಯುವ ವಿನೆಗರು. ಅದನ್ನು ಅವನು ಪಾದ್ರಿಗಳಿಗೆ ಕುಡಿಸಿದ್ದ!

ಸಿಟ್ಟಿನಲ್ಲಿ ಡಾಫ್ನಿ ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಳು. ಗಂಡನ ಮುಖ ನೋಡಿದ್ದೇ ಮುಚ್ಚಿದಳು. ಅವನು ಗೋಣಿಚೀಲದ ಮೇಲೆ ಕುಸಿದು ಕೂತಿದ್ದ. ಕಣ್ಣು ಕೆಂಪಗಾಗಿದ್ದವು, ಪರಾಗದಿಂದಲ್ಲ.

“ಒಳ್ಳೇ ವೈನು ಡಾಫ್ನಿ ಅದು,” ಎಂದ ಸಣ್ಣ ದನಿಯಲ್ಲಿ. “ಏಪ್ರಿಲ್‌ನಲ್ಲಿ ಮೂಗು ಸರಿಯಿದ್ದಾಗ ಒಂದು ಬಾಟ್ಲಿ ತೆಗೆದು ನೋಡಿದ್ದೆ. ನಿಜವಾಗ್ಲೂ ಸೇಬಿನ ವಾಸನೆ ಇತ್ತು. ಬನ್ನು ಇರಲಿಲ್ಲ. ಸೇಬಿತ್ತು.”

“ನನಗೆ ಯಾಕೆ ಕರೆದು ಕೊಡಲಿಲ್ಲ?”

“ನೀನು ನಗ್ತೀಯ ಅಂತ.”

ಡಾಫ್ನಿ ಭರಣಿಯನ್ನು ಹಲಗೆಯ ಮೇಲಿಟ್ಟಳು.  ಏಳು ವರ್ಷ ತಾನು ಆ ಬಳ್ಳಿಗಳನ್ನು ಕಂಡಾಗಲೆಲ್ಲ ಈರುಳ್ಳಿಯ ಲೆಕ್ಕವನ್ನಷ್ಟೇ ಹಾಕಿದ್ದು ನಿಜ. ಆದರೂ ಆಡಿದ ಮಾತು ಆಡಿಯಾಗಿತ್ತು. ಇಬ್ಬರೂ ಮಾತಿಗೆ ತಪ್ಪುವ ಪೈಕಿಯಲ್ಲ.

ರೋಲಂಡ್ ಎದ್ದು ಕೋಟಿನ ಗುಂಡಿ ಹಾಕಿಕೊಂಡ. “ಹೋಗಿ ಎಲ್ಲರ ಮುಂದೆ ತಪ್ಪು ಒಪ್ಕೊಂಡು ಬಿಡ್ತೀನಿ. ಗುದ್ದಲಿ ಗ್ಯಾರೇಜಲ್ಲಿದೆ. ನಾಳೆ ನಾನೇ ಅಗೀತೀನಿ, ನಿನಗೆ ಬೆನ್ನುನೋವು.”

ನೇಣುಗಂಬಕ್ಕೆ ಹೋಗುವವನ ಹಾಗೆ ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು, “ಮಾನ್ಯರೇ...” ಎಂದ.

“ಪೆಲಿಂಗ್!” ಎಂದರು ಮಿಸೆಸ್ ಬಾಟಿಂಗ್ ಖಾಲಿ ಗ್ಲಾಸನ್ನು ಎತ್ತಿ ಹಿಡಿದು. “ಎಲ್ಲಿ ಹೋಗಿದ್ದೆಯಪ್ಪ? ಇನ್ನೊಂದು ಗ್ಲಾಸ್ ಸಿಗುತ್ತಾ?”

ರೋಲಂಡನಿಗೆ ಕಿವಿಯೂ ಕಟ್ಟಿತೋ ಏನೋ ಎನಿಸಿತು. “ಏನಂದ್ರಿ?”

“ಇನ್ನೊಂದು ಗ್ಲಾಸ್. ತುಂಬ ಹಾಕು, ಜಿಪುಣತನ ಮಾಡ್ಬೇಡ.”

“ಮಿಸೆಸ್ ಬಾಟಿಂಗ್, ಕಾರು...”

“ಕಾರು ಮನೆ ಹಾಳಾಗ್ಲಿ!”

“ನನಗೂ,” ಎಂದರು ಪಾದ್ರಿ ಗುಲಾಬಿ ಗಿಡದ ಹಿಂದಿನಿಂದ, ಬೆನ್ನು ತಿರುಗಿಸಿಕೊಂಡೇ. “ಇನ್ನರ್ಧ ಗ್ಲಾಸ್ ಆದ್ರೂ ಸಾಕು.”

ಮೇಜಿನ ಸುತ್ತ ಖಾಲಿ ಗ್ಲಾಸುಗಳು ಒಂದಾದ ಮೇಲೊಂದು ಮೇಲೆದ್ದವು. ರೋಲಂಡ್ ಅಂದು ಹೇಳಿದ್ದ ಹಾಗೆಯೇ, ಬಾಟಲಿಗೆ ಜನ ಕೈ ಹಾಕತೊಡಗಿದರು. ಬೆರಳು ನೆಕ್ಕುತ್ತಿದ್ದರು, ತಲೆದೂಗುತ್ತಿದ್ದರು. ಇಪ್ಪತ್ತು ನಿಮಿಷ ಹಿಡಿದಿದ್ದ ಗ್ಲಾಸು ಈಗ ಅರೆ ನಿಮಿಷದಲ್ಲಿ ಬರಿದಾಗುತ್ತಿತ್ತು. ರೋಲಂಡ್ ಬಿಟ್ಟ ಬಾಯಿ ಬಿಟ್ಟಂತೆ ಸುರಿದೇ ಸುರಿದ. ಒಂಬತ್ತು ಬಾಟಲಿ ಖಾಲಿ!

ಹೀಗಿರುವಾಗ ಮನುಷ್ಯನ ತಲೆ ಎಷ್ಟು ಹೊತ್ತು ಕೆಳಗಿರುತ್ತದೆ ಹೇಳಿ? ತಪ್ಪು ಒಪ್ಪಿಕೊಳ್ಳಲು ಬಂದವನ ಎದೆ ಒಂದೊಂದು ಬಾಟಲಿಗೆ ಒಂದೊಂದು ಅಂಗುಲ ಉಬ್ಬತೊಡಗಿತು. ಯಾರಿಗೆ ಗೊತ್ತು? ಲೋಕದ ದೊಡ್ಡ ದೊಡ್ಡ ಶೋಧಗಳೆಲ್ಲ ಕೈತಪ್ಪಿನಿಂದಲ್ಲವೇ ಆದದ್ದು? ವಿನೆಗರು ವೈನಿನೊಳಗೆ ಕೂತು, ಗುಳ್ಳೆಯೊಂದಿಗೆ ಬೆರೆತು, ಯಾವುದೋ ಹೊಸ ಎತ್ತರಕ್ಕೆ ಏರಿರಬಾರದೇಕೆ? ಮೊದಲ ಗುಟುಕಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಮಹಾನ್ ವೈನುಗಳೆಲ್ಲ ಹೀಗೆಯೇ, ಬಾಯಿಬಿಡಲು ಹೊತ್ತು ತೆಗೆದುಕೊಳ್ಳುತ್ತವೆ!

ಬಾಗಿಲಲ್ಲಿ ನಿಂತಿದ್ದ ಡಾಫ್ನಿಯ ಕಡೆ ತಿರುಗಿ ಎರಡು ಬೆರಳೆತ್ತಿ ತೋರಿಸಿದ: ಎರಡನೇ ಗ್ಲಾಸು! ಡಾಫ್ನಿ ಇತ್ತ ನೋಡಲೇ ಇಲ್ಲ. ಅವಳು ಗುಲಾಬಿ ಗಿಡದ ಹಿಂದೆ ನಿಂತಿದ್ದ ಪಾದ್ರಿಗಳ ಮೊಣಕೈಯನ್ನೇ ದಿಟ್ಟಿಸುತ್ತಿದ್ದಳು.

ಆಗ ಫನ್ನೆಲ್ ಬಂದು ರೋಲಂಡನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಮೀಸೆಯಲ್ಲಿ ಉಪ್ಪಿನ ಹರಳು ಹೊಳೆಯುತ್ತಿತ್ತು.

“ಪೆಲಿಂಗ್, ಒಳಗಿನ ಮಾತು ಹೇಳ್ತೀನಿ. ಮೊದಲು ನನಗೆ ಇಷ್ಟ ಆಗಿರಲಿಲ್ಲ.”

“ಗೊತ್ತು, ಗೊತ್ತು. ಅದು ಸಲೀಸಾಗಿ ಒಲಿಯೋ ವೈನಲ್ಲ.”

“ಈಗ ಒಲೀತು. ನನ್ನ ಪಬ್ಬಿಗೆ ತಿಂಗಳಿಗೆ ಹನ್ನೆರಡು ಬಾಟ್ಲಿ ಬೇಕು. ಎಷ್ಟು ವರ್ಷ ಕೊಡ್ತೀಯೋ ಅಷ್ಟು ವರ್ಷ.”

ರೋಲಂಡನ ಕಣ್ಣು ತುಂಬಿ ಬಂತು. ಬೆಟ್ಟದ ಮೇಲಿನ ಬಳ್ಳಿಗಳು, ಇಡೀ ಸಸೆಕ್ಸ್, ಸಮುದ್ರದಾಚೆಯ ಫ್ರಾನ್ಸು, ಎಲ್ಲವೂ ಅವನ ಕಾಲ ಕೆಳಗೆ ಬಂದು ಸಲಾಮು ಹೊಡೆದಂತಾಯಿತು. ಫನ್ನೆಲ್ಲನ ಎರಡೂ ಕೈ ಹಿಡಿದುಕೊಂಡು, ಪಕ್ಕದ ಸೀಟಿನ ಹಳೆಯ ದನಿಯಲ್ಲಿ ಶುರುಮಾಡಿದ:

“ನೋಡಿ ಫನ್ನೆಲ್, ಚೆನ್ನಾಗಿ ತಣ್ಣಗಿಡಬೇಕು. ಉದ್ದ ಕತ್ತಿನ ಗ್ಲಾಸೇ ಆಗ್ಬೇಕು. ಸುರಿಯೋವಾಗ ಗ್ಲಾಸನ್ನ ಸ್ವಲ್ಪ ಓರೆ ಮಾಡಿ...”

“ಗ್ಲಾಸ್ ಯಾಕೆ?” ಎಂದ ಫನ್ನೆಲ್. “ಮೇಜಿನ ಮೇಲೆ, ಉಪ್ಪಿನ ಪಕ್ಕ ಇಟ್ಬಿಡ್ತೀನಿ. ಅದೇ ಕೇಳೋಣ ಅಂತಿದ್ದೆ, ಮುಚ್ಚಳಕ್ಕೆ ತೂತು ಇರೋ ಬಾಟ್ಲಿಯಲ್ಲಿ ಕೊಡೋಕೆ ಆಗುತ್ತಾ? ಗ್ಲಾಸಿಂದ ಚಿಪ್ಸ್ ಮೇಲೆ ಹಾಕ್ಕೊಳ್ಳೋಕೆ ಹೋದ್ರೆ ಒಂದೇ ಸಲ ಬಿದ್ದು ಪೊಟ್ಟಣ ಎಲ್ಲ ನೆನೆಯುತ್ತೆ.”

ರೋಲಂಡ್ ನಿಧಾನವಾಗಿ ತಿರುಗಿ ನೋಡಿದ. ಮಿಸೆಸ್ ಬಾಟಿಂಗ್ ಈಗ ಮರೆಮಾಚುವ ಗೋಜಿಗೂ ಹೋಗದೆ, ಮೂರನೇ ಗ್ಲಾಸನ್ನು ಪೊಟ್ಟಣದೊಳಕ್ಕೆ ಬಗ್ಗಿಸಿ ಚೆನ್ನಾಗಿ ಕುಲುಕುತ್ತಿದ್ದರು. ಪಾದ್ರಿಗಳು ಗಿಡದ ಹಿಂದಿನಿಂದ ಹೊರಬಂದು, ತೊಟ್ಟಿಕ್ಕುವ ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದು, “ಆ ಸಿಹಿಗೂ ಈ ಹುಳಿಗೂ ದೇವರೇ ಜೋಡಿ ಮಾಡಿದ ಹಾಗಿದೆ,” ಎನ್ನುತ್ತಿದ್ದರು. ಹುಲ್ಲುಹಾಸಿನ ತುಂಬ ವೈನನ್ನು ಸುರಿಯುವವರೇ. ಕುಡಿಯುವವನು ಒಬ್ಬನೂ ಇರಲಿಲ್ಲ.

“ಆಗುತ್ತೆ ಫನ್ನೆಲ್,” ಎಂದಳು ಡಾಫ್ನಿ, ಯಾವಾಗಲೋ ಬಂದು ಗಂಡನ ತೋಳು ಹಿಡಿದುಕೊಂಡಿದ್ದವಳು. “ತೂತು ನಾನೇ ಮಾಡ್ಕೊಡ್ತೀನಿ.”

ಫನ್ನೆಲ್ ಖುಷಿಯಿಂದ ಚಿಪ್ಸಿನ ಕಡೆ ಓಡಿದ. ರೋಲಂಡ್ ಹೆಂಡತಿಯ ಕಡೆ ತಿರುಗಿದ.

“ಹಾಗಾದ್ರೆ ಬಳ್ಳಿ...?”

“ಇರಲಿ ಬಿಡು,” ಎಂದಳು ಡಾಫ್ನಿ, ಅವನ ತೋಳಿನಿಂದ ಕರವಸ್ತ್ರ ಎಳೆದು ಅವನ ಮೂಗಿಗೆ ಹಿಡಿಯುತ್ತ. “ಎರಡನೇ ಗ್ಲಾಸ್ ಕೇಳ್ಬೇಕು ಅಂತ ತಾನೇ ನಾನು ಅಂದಿದ್ದು? ಕುಡೀಬೇಕು ಅಂತ ಎಲ್ಲಂದೆ?”